ಹೈಥೆಮ್‌ನ ರಕ್ತದಲ್ಲಿ ಹತ್ತೊಂಬತ್ತು

"ನೀವು ಸುಳ್ಳೋ, ಅವರು ಸುಳ್ಳೋ? ಇವತ್ತು ಎರಡರಲ್ಲಿ ಒಂದು ಗೊತ್ತಾಗ್ಬೇಕು!"

ಎಮ್ನಾ ಬೆಚ್ಚಿ ತಲೆ ಎತ್ತಿದಳು. ಪರೀಕ್ಷಾಲಯದ ಗಾಜಿನ ಕಿಟಕಿಯಾಚೆ ಒಬ್ಬ ಎತ್ತರದ ಗಂಡಸು ನಿಂತಿದ್ದ. ಎರಡು ಕೈಯಲ್ಲೂ ಒಂದೊಂದು ರಿಪೋರ್ಟು. ಮುಖಕ್ಕೆ ಮಾಸ್ಕ್ ಇತ್ತು. ಕಣ್ಣುಗಳು ಮಾತ್ರ ಜಗಳಕ್ಕೆ ತಯಾರಾಗಿಯೇ ಬಂದಿದ್ದವು.

"ಮೊದಲು ದನಿ ಇಳಿಸಿ. ಇದು ಆಸ್ಪತ್ರೆ, ಮೀನು ಮಾರ್ಕೆಟ್ ಅಲ್ಲ."

"ಮೀನು ಮಾರ್ಕೆಟ್ಟಲ್ಲಾದ್ರೂ ತಕ್ಕಡಿ ಸರಿ ಇರುತ್ತೆ! ಹೋದ ವಾರ ಖಾಸಗಿ ಲ್ಯಾಬಲ್ಲಿ ನನ್ನ ರಕ್ತದಲ್ಲಿ ಔಷಧಿ ಹತ್ತು ಇದೆ ಅಂದ್ರು. ಅದೇ ಮಾತ್ರೆ, ಅದೇ ಹೊತ್ತು. ಈ ವಾರ ನೀವು ಏಳು ಅಂತೀರಿ. ಮಿಕ್ಕ ಮೂರು ಯಾರು ತಿಂದ್ರು?"

ಟ್ಯೂನಿಸ್‌ನ ಆ ದೊಡ್ಡಾಸ್ಪತ್ರೆಗೆ ಸೇರಿದ ಮೇಲೆ ಎಮ್ನಾ ಎಷ್ಟೋ ಸಿಟ್ಟಿನ ರೋಗಿಗಳನ್ನು ಕಂಡಿದ್ದಳು. ಆದರೆ ಅವಳ ಯಂತ್ರವನ್ನು ಮೀನಿನ ತಕ್ಕಡಿಗಿಂತ ಕಡೆ ಮಾಡಿದವನು ಇವನೊಬ್ಬನೇ. ಅವಳಿಗೆ ಉರಿದು ಹೋಯಿತು. ಬಾಗಿಲು ತೆರೆದು ಹೊರಗೇ ಬಂದಳು.

"ಅಲ್ಲಿ ನೋಡಿ. ಆ ಬಿಳಿ ಪೆಟ್ಟಿಗೆ ಕಾಣ್ತಿದೆಯಲ್ಲ? ಅದು ಮಾಸ್ ಸ್ಪೆಕ್ಟ್ರೋಮೀಟರ್. ಆ ಖಾಸಗಿ ಲ್ಯಾಬಿನ ಹಳೇ ಪರೀಕ್ಷೆ ಔಷಧಿಯನ್ನೂ ಹಿಡಿಯುತ್ತೆ, ದೇಹ ಒಡೆದು ಹಾಕಿದ ಅದರ ಚೂರುಗಳನ್ನೂ ಔಷಧಿ ಅಂತಾನೇ ಲೆಕ್ಕಕ್ಕೆ ಸೇರಿಸುತ್ತೆ. ಇದು ಕಣವನ್ನ ತೂಗಿ, ಒಡೆದು, ಒಡೆದ ಚೂರನ್ನೂ ತೂಗಿ, 'ಹೌದು, ಇದೇ' ಅಂತ ಖಾತ್ರಿಯಾದ್ಮೇಲೇ ಎಣಿಸುತ್ತೆ. ನಿಮ್ಮದು ಏಳು ಅಂದ್ರೆ ಏಳೇ!"

ಅವನು ಗಾಜಿಗೆ ಮುಖವೊತ್ತಿ ಪೆಟ್ಟಿಗೆಯನ್ನೇ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ. "ಅಂದ್ರೆ... ಅವರು ನನ್ನ ಜೊತೆ ನನ್ನ ನೆರಳನ್ನೂ ತೂಗಿ ಕಳಿಸಿದ್ದಾರೆ."

ಸಿಟ್ಟಿನಲ್ಲಿದ್ದ ಎಮ್ನಾಗೆ ನಗು ಬಂದುಬಿಟ್ಟಿತು. ತಡೆದರೂ ನಿಲ್ಲಲಿಲ್ಲ.

"ಕ್ಷಮಿಸಿ ಲೆಲ್ಲಾ," ಅವನು ಈಗ ಹೆಂಗಸರಿಗೆ ಸಲ್ಲುವ ಮರ್ಯಾದೆಯ ಮಾತು ಹಿಡಿದು ತಲೆ ಬಾಗಿಸಿದ. "ಹೆದರಿಕೆ ಆದ್ರೆ ನಾನು ಕೂಗಾಡ್ತೀನಿ. ಈ ಕಿಡ್ನಿ ನಮ್ಮಕ್ಕ ಕೊಟ್ಟಿದ್ದು. ನಂದೇ ಆಗಿದ್ರೆ ಇಷ್ಟು ಹೆದರ್ತಿರಲಿಲ್ಲ."

ಅಷ್ಟು ಹೇಳಿ ಹೋಗಿಬಿಟ್ಟ. ಎಮ್ನಾ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಯಂತ್ರದ ಪಂಪು ಗುಂಯ್‌ಗುಡುತ್ತಿತ್ತು, ಅವಳ ಎದೆಯಲ್ಲೂ ಏನೋ ಒಂದು ಶುರುವಾಗಿತ್ತು. ಅದಕ್ಕೆ ಹೆಸರಿಡುವ ಧೈರ್ಯ ಇನ್ನೂ ಇರಲಿಲ್ಲ.

* * *

ಅವನ ಹೆಸರು ಹೈಥೆಮ್. ಬಾಬ್ ಸುವಿಕಾದಲ್ಲಿ ಅಪ್ಪನ ಕಾಲದ ಕ್ಷೌರದ ಅಂಗಡಿ. ಹೊಸ ಕಿಡ್ನಿಯನ್ನು ದೇಹ ಪರಕೀಯವೆಂದು ತಿರಸ್ಕರಿಸದಂತೆ ತಡೆಯುವ ಮಾತ್ರೆಯನ್ನು ಬೆಳಗ್ಗೆ ಸಂಜೆ ನುಂಗುತ್ತಿದ್ದ. ಆ ಮಾತ್ರೆ ಒಂದು ಹಟಮಾರಿ. ರಕ್ತದಲ್ಲಿ ಕಮ್ಮಿಯಾದರೆ ಕಿಡ್ನಿ ಹೋಗುತ್ತದೆ, ಜಾಸ್ತಿಯಾದರೂ ಕಿಡ್ನಿಯೇ ಹೋಗುತ್ತದೆ. ಅದಕ್ಕೇ ಪ್ರತಿ ಸೋಮವಾರ ರಕ್ತ ಕೊಡಬೇಕು, ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ ನುಂಗಬೇಕು.

ಸೋಮವಾರಗಳು ಬರುತ್ತಾ ಹೋದವು. ಅವನು ರಕ್ತ ಕೊಟ್ಟು ನೇರ ಮನೆಗೆ ಹೋಗಬಹುದಿತ್ತು. ಹೋಗುತ್ತಿರಲಿಲ್ಲ!

"ಇವತ್ತು ನಾನೆಷ್ಟು ತೂಗ್ತೀನಿ ಲೆಲ್ಲಾ ಎಮ್ನಾ?"

"ಇನ್ನೂ ತೂಗಿಲ್ಲ ಸೀ ಹೈಥೆಮ್. ಸಂಜೆ ಫೋನ್ ಮಾಡಿ." ಅವಳೂ ಮರ್ಯಾದೆಗೆ 'ಸೀ' ಸೇರಿಸುತ್ತಿದ್ದಳು.

"ಫೋನಲ್ಲಿ ನಿಮ್ಮ ಹುಬ್ಬು ಕಾಣಲ್ಲ. ಹುಬ್ಬು ಇಳಿದಿದ್ರೆ ನಂಬರು ಸರಿ ಇದೆ ಅಂತ ಅರ್ಥ."

'ಹುಬ್ಬಂತೆ!' ಎಮ್ನಾ ಗದರಿಕೊಳ್ಳುತ್ತಾ ಒಳಗೆ ಹೋಗುತ್ತಿದ್ದಳು. ಹೋಗಿ ಮೊದಲು ಅವನ ಕೊಳವೆಯನ್ನೇ ಹುಡುಕುತ್ತಿದ್ದಳು. ಹಿರಿಯ ತಜ್ಞೆ ಲತೀಫಾ ಇದನ್ನೆಲ್ಲ ಕನ್ನಡಕದ ಮೇಲಿಂದ ನೋಡುತ್ತಿದ್ದರು. "ಸೋಮವಾರ ಬಂದ್ರೆ ನಿನ್ನ ಸ್ಕಾರ್ಫು ಹೊಸದಾಗಿರುತ್ತಲ್ಲೇ!" ಎಂದು ಒಂದು ದಿನ ಕುಟುಕಿಯೂ ಬಿಟ್ಟರು.

ರಂಜಾನ್ ಶುರುವಾದ ಮೇಲೆ ಅವನು ನಗುವುದನ್ನು ಕಡಿಮೆ ಮಾಡಿದ.

"ಏನಾಯ್ತು?" ಅವಳೇ ಕೇಳಿದಳು.

"ಡಾಕ್ಟರು ಉಪವಾಸ ಕೂಡದು ಅಂದಿದ್ದಾರೆ. ಮಾತ್ರೆ ಹೊತ್ತಿಗೆ ಸರಿಯಾಗಿ ಬೀಳ್ಬೇಕು, ನೀರು ಕುಡೀತಾನೇ ಇರ್ಬೇಕು. ಅಂಗಡೀಲಿ ಬರೋರೆಲ್ಲ ಬಾಯಿ ಒಣಗಿಸ್ಕೊಂಡು ಕೂತಿರ್ತಾರೆ. ನಾನು ಪರದೆ ಹಿಂದೆ ಕಳ್ಳನ ಹಾಗೆ ರೊಟ್ಟಿ ಮುರೀತೀನಿ. ಹುಡುಗ ವಯಸ್ಸಿಂದ ಒಂದು ದಿನ ಬಿಟ್ಟಿದ್ದಿಲ್ಲ ಲೆಲ್ಲಾ... ಕಾಯಿಲೆಯವನಿಗೆ ವಿನಾಯಿತಿ ಇದೆ ಅಂತ ಗೊತ್ತು. ಆದ್ರೂ ಗಂಟಲಲ್ಲಿ ಇಳಿಯಲ್ಲ."

ಮರುವಾರ ನೆಬೂಲ್‌ನಲ್ಲಿದ್ದ ಹೆತ್ತವರ ಮನೆಗೆ ಹೋದ ಎಮ್ನಾ ಒಂದು ಗಾಜಿನ ಭರಣಿ ಹಿಡಿದು ಬಂದಳು. ಅಮ್ಮ ಹಿತ್ತಲ ಮರದ ಕಹಿ ಕಿತ್ತಳೆಯನ್ನು ಸಿಪ್ಪೆ ಸಮೇತ ಕುದಿಸಿ ಮಾಡಿದ ಮುರಬ್ಬ.

"ತಗೊಳ್ಳಿ. ಕದ್ದು ತಿನ್ನೋದೇ ಆದ್ರೆ ಒಳ್ಳೇದನ್ನೇ ತಿನ್ನಿ."

ಅವನು ಭರಣಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಬೆಳಕಿಗೆ ಹಿಡಿದು ನೋಡಿದ.

"ದಿನಾ ತಿಂತೀನಿ," ಎಂದ. "ಇದೊಂದು ಇಳಿಯುತ್ತೆ ಅನ್ಸುತ್ತೆ."

* * *

ರಂಜಾನ್‌ನ ಮೂರನೇ ಸೋಮವಾರ.

ಪರದೆಯ ಮೇಲೆ ಮೂಡಿದ ಸಂಖ್ಯೆ ನೋಡಿ ಎಮ್ನಾ ಕುರ್ಚಿ ಮುಂದಕ್ಕೆಳೆದು ಮತ್ತೊಮ್ಮೆ ಓದಿದಳು. ಹತ್ತೊಂಬತ್ತು!

'ಇಲ್ಲ... ಏನೋ ತಪ್ಪಾಗಿದೆ.' ಅದೇ ಕೊಳವೆಯಿಂದ ಮತ್ತೆ ರಕ್ತ ತೆಗೆದು, ಮತ್ತೆ ತಯಾರಿಸಿ, ಮತ್ತೆ ಓಡಿಸಿದಳು. ಸಂಖ್ಯೆ ಗೊತ್ತಿರುವ ಮಾದರಿಗಳನ್ನೂ ಜೊತೆಗಿಟ್ಟಳು. ಅವೆಲ್ಲ ಸರಿ ಬಂದವು. ಹೈಥೆಮ್‌ನದು ಮತ್ತೆ ಹತ್ತೊಂಬತ್ತು.

ಕಿಡ್ನಿ ವಿಭಾಗದ ಡಾಕ್ಟರ್ ಬೆಲ್ಹಾಜ್ ತಾವೇ ಇಳಿದು ಬಂದರು. "ಯಂತ್ರ ಸರಿ ಇದೆಯಾ?"

"ಇದೆ ಡಾಕ್ಟರ್. ಎರಡು ಸಲ ನೋಡಿದೆ."

"ಹಾಗಾದ್ರೆ ಹುಡುಗ ಕದ್ದು ಉಪವಾಸ ಮಾಡ್ತಿದ್ದಾನೆ. ಬೆಳಗಾಗೋ ಮುಂಚೆ ಸಹರಿ ಊಟಕ್ಕೆ ಎದ್ದು ಅದರ ಜೊತೆ ಮಾತ್ರೆ ನುಂಗಿ, ಆಮೇಲೆ ಬಂದು ರಕ್ತ ಕೊಡ್ತಾನೆ. ಪ್ರತಿ ರಂಜಾನ್‌ಗೂ ಈ ರೋಗಿಗಳದ್ದು ಇದೇ ಗೋಳು. ಎಷ್ಟು ಹೇಳಿದ್ರೂ ಕೇಳಲ್ಲ!"

ಎಮ್ನಾಗೆ ಅವನ ಬಾಡಿದ ಮುಖ ನೆನಪಾಯಿತು. 'ಗಂಟಲಲ್ಲಿ ಇಳಿಯಲ್ಲ' ಎಂದಿದ್ದನಲ್ಲ. ಹೌದು, ಅದೇ! ಅವಳಿಗೆ ಅನುಮಾನವೇ ಉಳಿಯಲಿಲ್ಲ. ಕಾರಿಡಾರಿಗೆ ಓಡಿದಳು. ಹೈಥೆಮ್ ಇನ್ನೂ ಅಲ್ಲೇ ಕಾಯುತ್ತಿದ್ದ.

"ಯಾಕೆ ಹೀಗೆ ಮಾಡಿದ್ರಿ?"

"ಏನು ಮಾಡ್ದೆ?"

"ಉಪವಾಸ ಮಾಡ್ತಿದೀರಿ. ಸಹರಿಗೇ ಮಾತ್ರೆ ನುಂಗಿ ಬಂದಿದೀರಿ."

"ಇಲ್ಲ ಲೆಲ್ಲಾ! ಖಾಲಿ ಪೊಟ್ಟಣ ಇಲ್ಲೇ ಇದೆ ನೋಡಿ, ಜೇಬಲ್ಲಿ. ರಕ್ತ ಕೊಟ್ಟ ಮೇಲೇ ನುಂಗಿದ್ದು."

"ಹತ್ತೊಂಬತ್ತು ಬಂದಿದೆ ಹೈಥೆಮ್! ನಿಮ್ಮಕ್ಕನ ಕಿಡ್ನಿ ಅದು! ಅಷ್ಟಾದ್ರೂ ನೆನಪಿರಬಾರ್ದಾ?"

ಅವನು ಬಲಗೈ ಮುಂದೆ ಚಾಚಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಮೂರ್ನಾಲ್ಕು ದಿನದಿಂದ ಹೀಗಾಗಿದೆ. ನಿನ್ನೆ ಒಬ್ಬರ ಕೆನ್ನೆ ಕೊಯ್ದೆ. ಇದನ್ನ ನಿಮಗೆ ಹೇಳೋಣ ಅಂತಾನೇ ಬಂದೆ. ನಾನು ಉಪವಾಸ ಮಾಡ್ತಿಲ್ಲ. ಮಾಡಬೇಕು ಅಂತ ಎಷ್ಟು ಆಸೆ ಇದೆ ಅಂತ ಗೊತ್ತಿರೋದು ನಿಮಗೊಬ್ಬರಿಗೆ. ಅದನ್ನೇ ನನ್ನ ಮೇಲೆ ಎತ್ತಿ ಹಾಕ್ತೀರಾ?"

"ಯಂತ್ರ ಸುಳ್ಳು ಹೇಳಲ್ಲ."

"ಯಂತ್ರ ಎಷ್ಟು ಅಂತ ಮಾತ್ರ ಹೇಳಿದ್ದು. ಯಾಕೆ ಅಂತ ಹೇಳಿದ್ದು ನೀವು."

ಅವನು ತಿರುಗಿ ನಡೆದ. ಎಮ್ನಾ ಕರೆಯಲಿಲ್ಲ. ಸತ್ಯ ತನ್ನ ಕಡೆಗಿದೆ ಎಂಬ ಜಂಬ ಅವಳ ಬಾಯಿ ಕಟ್ಟಿತ್ತು. ಆ ಸಂಜೆಯೇ ಡಾಕ್ಟರ್ ಅವನ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.

* * *

ಆ ವಾರ ಹೇಗೆ ಕಳೆಯಿತೋ ಅವಳಿಗೇ ಗೊತ್ತಿಲ್ಲ. ಇಫ್ತಾರ್‌ಗೆ ಬ್ರಿಕ್ ಎಂಬ ಮೊಟ್ಟೆ ಹೂರಣದ ತಿಂಡಿ ಕರಿಯಲು ಹೋಗಿ ಎಣ್ಣೆ ಉಕ್ಕಿಸಿದಳು. ಫೋನ್ ಕೈಗೆತ್ತಿಕೊಂಡು ಅವನ ಹೆಸರು ನೋಡಿ ಮತ್ತೆ ಇಟ್ಟಳು. 'ಸುಳ್ಳು ಹೇಳಿದವನಿಗೆ ನಾನ್ಯಾಕೆ ಫೋನ್ ಮಾಡ್ಲಿ?' ಎನ್ನುವಳು. ಮರುಕ್ಷಣವೇ, 'ಸುಳ್ಳು ಹೇಳೋ ಕಣ್ಣಲ್ಲ ಅದು...' ಎಂದು ತಳಮಳಿಸುವಳು.

ಸೋಮವಾರ ಅವನ ರಕ್ತ ಬಂತು, ಅವನು ಬರಲಿಲ್ಲ. ನರ್ಸ್ ಹತ್ತಿರ ರಕ್ತ ಕೊಟ್ಟು ಹಾಗೇ ಹೊರಟುಹೋಗಿದ್ದ.

ಮಧ್ಯಾಹ್ನದ ಹೊತ್ತಿಗೆ ಸಂಖ್ಯೆ ಬಂತು. ಮೂರೂವರೆ.

ಎಮ್ನಾ ಎದ್ದು ನಿಂತಳು. ಕೂತಳು. ಮತ್ತೆ ಎದ್ದಳು. ಮೂರೂವರೆ ಅಂದರೆ ಕಿಡ್ನಿಗೆ ಕಾವಲೇ ಇಲ್ಲದ ಹಾಗೆ!

'ಮಾತ್ರೆ ಅರ್ಧ ಮಾಡಿದ್ರೆ ಹತ್ತೊಂಬತ್ತು ಹೋಗಿ ಒಂಬತ್ತು ಚಿಲ್ಲರೆ ಆಗ್ಬೇಕು. ಮೂರೂವರೆ ಹೇಗಾಯ್ತು? ಮೂರೂವರೆ ಅನ್ನೋದು ಏಳರ ಅರ್ಧ. ಅವನ ಹಳೇ ಏಳು! ಅಂದ್ರೆ ಏರಿಸ್ತಿದ್ದದ್ದು ಯಾವುದೋ ಈಗ ನಿಂತಿದೆ... ಉಪವಾಸ ಬಿಟ್ಟನಾ?'

ಆಗ ಅವಳ ಕಣ್ಣೆದುರು ಆ ಕೈ ಬಂದು ನಿಂತಿತು. ನಡುಗುತ್ತಿದ್ದ ಕೈ.

'ಸಮಯ ತಪ್ಪಿ ನುಂಗಿದ್ರೆ ಆ ಹೊತ್ತಿನ ಸಂಖ್ಯೆ ಏರುತ್ತೆ ಅಷ್ಟೇ. ದಿನಗಟ್ಟಲೆ ಕೈ ನಡುಗಲ್ಲ! ಅವನ ಮೈಯಲ್ಲಿ ನಿಜವಾಗ್ಲೂ ಔಷಧಿ ತುಂಬಿತ್ತು. ಅದೇ ಮಾತ್ರೆ, ಅದೇ ಲೆಕ್ಕ, ಆದ್ರೂ ದೇಹ ಅದನ್ನ ಒಡೆದು ಹಾಕಲಿಲ್ಲ. ಒಡೆಯದ ಹಾಗೆ ಏನೋ ತಡೀತಿತ್ತು. ರಂಜಾನ್‌ಗೆ ಶುರುವಾಗಿದ್ದು... ಜಗಳದ ದಿನ ನಿಂತಿದ್ದು...'

ಜಗಳದ ದಿನ ಅವನು ಬಿಟ್ಟದ್ದು ಏನು? ಅವಳನ್ನು. ಅವಳು ಕೊಟ್ಟದ್ದನ್ನು.

ಮುರಬ್ಬ!

"ಯಾ ರಬ್ಬೀ..." ಎಮ್ನಾ ದೇವರನ್ನು ಕರೆಯುತ್ತಾ ಲತೀಫಾ ಮೇಜಿನತ್ತ ಧಾವಿಸಿದಳು.

ಗ್ರೇಪ್‌ಫ್ರೂಟ್ ಮುಟ್ಟಬೇಡಿ ಎಂದು ಈ ರೋಗಿಗಳಿಗೆಲ್ಲ ಹೇಳುತ್ತಾರೆ. ಅದರ ರಸ ಹೊಟ್ಟೆಯಲ್ಲಿ ಔಷಧಿ ಒಡೆಯುವುದನ್ನೇ ತಡೆದು ರಕ್ತಕ್ಕೆ ತುಂಬಿಬಿಡುತ್ತದೆ. ಆದರೆ ಹಿತ್ತಲ ನಾರಂಜ್, ಆ ಕಹಿ ಕಿತ್ತಳೆ ಮರದ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅದರ ಹೂವಿನ ನೀರನ್ನು ಮಗುವಿನ ಹೊಟ್ಟೆನೋವಿಗೆ ಕೊಡುತ್ತಾರೆ, ಹಣ್ಣನ್ನು ನೆಂಟರಿಗೆ ಹಂಚುತ್ತಾರೆ. ಅದರ ಮೇಲೆ ಸಂಶಯಪಡುವುದು ಅಮ್ಮನ ಮೇಲೆ ಸಂಶಯಪಟ್ಟಂತೆ.

ಲತೀಫಾ ಎಲ್ಲ ಕೇಳಿ, ಪುಸ್ತಕ ತೆರೆದು ನೋಡಿ ಕನ್ನಡಕ ತೆಗೆದರು. "ಕಹಿ ಕಿತ್ತಳೆ ಅದೇ ಕುಲದ್ದೇ ಕಣೇ. ಅದೇ ಕೆಲಸ ಮಾಡುತ್ತೆ. ರೋಗಿಗೆ ತಿನ್ನೋಕೆ ಕೊಡೋ ಮುಂಚೆ ಒಂದು ಮಾತು ಕೇಳಬಾರ್ದಿತ್ತಾ?"

ಎಮ್ನಾ ಡಾಕ್ಟರ್ ಬೆಲ್ಹಾಜ್ ಕೋಣೆಗೆ ಓಡಿದಳು. "ಡಾಕ್ಟರ್, ತಪ್ಪು ಅವನದಲ್ಲ, ನನ್ನದು," ಎಂದು ಉಸಿರು ಬಿಡದೆ ಎಲ್ಲ ಹೇಳಿದಳು. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ನಾನೂ ಒಂದು ಮಾತು ಕೇಳದೆ ತೀರ್ಪು ಕೊಟ್ಟೆ," ಎಂದರು. "ಮೂರೂವರೆ ನೋಡಿ ಆಗಲೇ ಕರೆದೆ, ಅವನು ಫೋನ್ ಎತ್ತುತ್ತಿಲ್ಲ. ಇವತ್ತೇ ಬಂದು ಸೇರಬೇಕು. ಒಂದೊಂದು ಹೊತ್ತಿನ ಮಾತ್ರೆಯೂ ಮುಖ್ಯ."

* * *

ಇಫ್ತಾರ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಊರಿಗೆ ಊರೇ ಮನೆ ಕಡೆ ಓಡುವ ಹೊತ್ತು. ಟ್ಯಾಕ್ಸಿಗಳು ನಿಲ್ಲಲಿಲ್ಲ. ಎಮ್ನಾ ಅರ್ಧ ದಾರಿ ಟ್ರಾಮಿನಲ್ಲಿ, ಅರ್ಧ ದಾರಿ ಓಡುತ್ತಾ ಬಾಬ್ ಸುವಿಕಾ ಮುಟ್ಟಿದಳು. ಬಾಯಿ ಒಣಗಿತ್ತು, ಸ್ಕಾರ್ಫು ಜಾರಿತ್ತು.

ಹಬ್ಬ ಎರಡೇ ದಿನ ಇತ್ತು, ಅಂಗಡಿ ಕಿಕ್ಕಿರಿದಿತ್ತು. ಅವಳು ಬಾಗಿಲು ತಳ್ಳಿದ್ದೇ ತಡ, ಎಲ್ಲ ತಲೆಗಳೂ ತಿರುಗಿದವು.

"ಏಯ್ ತಂಗಿ, ಇದು ಗಂಡಸರ ಅಂಗಡಿ!"

"ಗೊತ್ತಣ್ಣ, ಗಡ್ಡ ಬೋಳಿಸ್ಕೊಳ್ಳೋಕೆ ಬಂದಿಲ್ಲ!"

ಹೈಥೆಮ್ ಕತ್ತಿ ಹಿಡಿದು ನಿಂತಿದ್ದ. ಕುರ್ಚಿಯಲ್ಲಿ ಮಾಂಸದಂಗಡಿಯ ಬಶೀರ್ ಕಾಕಾ, ಅರ್ಧ ಮುಖ ನುಣ್ಣಗೆ, ಅರ್ಧ ಮುಖ ನೊರೆ. ಹೈಥೆಮ್ ಅವಳನ್ನು ನೋಡಿದ, ಕಣ್ಣು ತಿರುಗಿಸಿದ.

"ಇನ್ನೂ ಏನು ಬಾಕಿ ಇದೆ?"

"ನೀವು ಹೇಳಿದ್ದೇ ನಿಜ." ಎಮ್ನಾ ಸ್ಕಾರ್ಫು ಎಳೆದುಕೊಂಡಳು. "ಒಂದೊಂದು ಮಾತೂ ನಿಜ. ತಪ್ಪು ಪೂರ್ತಿ ನನ್ನದು. ಇದನ್ನ ಫೋನಲ್ಲಿ ಹೇಳಬಾರ್ದು, ಎಲ್ಲರೆದುರಿಗೇ ಹೇಳ್ಬೇಕು ಅಂತ ಬಂದೆ."

"ಯಾವ ಮಾತಮ್ಮಾ?" ಬೆಂಚಿನ ತುದಿಯಿಂದ ಯಾರೋ ಕೇಳಿದರು.

"ನೀನು ಸುಮ್ನಿರಯ್ಯಾ!" ಬಶೀರ್ ಕಾಕಾ ನೊರೆಯೊಳಗಿಂದಲೇ ಗುಡುಗಿದರು.

ಅವಳು ಹತ್ತಿರ ಹೋಗಿ ಅವನಿಗಷ್ಟೇ ಕೇಳುವಂತೆ ಮುರಬ್ಬದ ಕತೆ ಹೇಳಿದಳು. ಅವನು ಕೇಳುತ್ತಾ ಕೇಳುತ್ತಾ ಕತ್ತಿ ಕೆಳಗಿಟ್ಟ.

"ಭರಣಿ ಎಲ್ಲಿ?" ಅವಳು ಕೇಳಿದಳು.

"ಅವತ್ತೇ ಅಕ್ಕನಿಗೆ ಕೊಟ್ಬಿಟ್ಟೆ. ಕಣ್ಣೆದುರಿಗಿದ್ರೆ ನಿಮ್ಮ ನೆನಪು ಬರ್ತಿತ್ತು. ಸಿಟ್ಟು ಹೋಗ್ಬಿಡ್ತಿತ್ತು."

"ಸಂಖ್ಯೆ ಮೂರೂವರೆಗೆ ಇಳಿದಿದೆ ಹೈಥೆಮ್... ಈಗ್ಲೇ ಹೊರಡ್ಬೇಕು. ದಮ್ಮಯ್ಯ!"

ಅವನ ಕೈ ತಾನಾಗಿ ಹೊಟ್ಟೆಯ ಬಲಗಡೆಗೆ, ಅಕ್ಕ ಕೊಟ್ಟದ್ದರ ಮೇಲೆ ಹೋಯಿತು. "ಈ ಹೊತ್ತಲ್ಲಿ ಟ್ಯಾಕ್ಸಿ ಎಲ್ಲಿ ಸಿಗುತ್ತೆ?"

"ನನ್ನ ವ್ಯಾನ್ ಇಲ್ವಾ!" ಬಶೀರ್ ಕಾಕಾ ಬಟ್ಟೆ ಕಿತ್ತೆಸೆದು ಎದ್ದೇ ಬಿಟ್ಟರು.

"ಕಾಕಾ, ಅರ್ಧ ಗಡ್ಡ!"

"ಇನ್ನರ್ಧ ಆಸ್ಪತ್ರೇಲಿ ಬೋಳಿಸಿದ್ರಾಯ್ತು. ಹತ್ತೋ!"

ಮಾಂಸದ ವಾಸನೆಯ ವ್ಯಾನು, ಖಾಲಿಯಾಗುತ್ತಿದ್ದ ಬೀದಿಗಳು, ನೊರೆ ಒಣಗಿದ ಮುಖದ ಚಾಲಕ. ಎಮ್ನಾ ಜೀವಮಾನದಲ್ಲಿ ಇಷ್ಟು ಹೆದರಿದ್ದಿಲ್ಲ, ಇಷ್ಟು ಹತ್ತಿರ ಅವನ ಪಕ್ಕ ಕೂತದ್ದೂ ಇಲ್ಲ. ಎರಡೂ ಒಂದೇ ಸಲ ಆಗಬೇಕೆ!

* * *

ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿ, ಪೂರ್ತಿ ಮಾತ್ರೆ ಕೊಟ್ಟು, ಕಿಡ್ನಿಯ ಪರೀಕ್ಷೆಗೆ ರಕ್ತ ತೆಗೆದರು. ಸ್ವಲ್ಪ ಏರುಪೇರು ಕಂಡಿದೆ, ಹಬ್ಬದವರೆಗೂ ಇಲ್ಲೇ ಇರಲಿ ಎಂದರು ಡಾಕ್ಟರ್.

ಮಸೀದಿಯಲ್ಲಿ ಕೂಗು ಕೇಳುವ ಹೊತ್ತಿಗೆ ಅಕ್ಕ ಸಾಮಿಯಾ ಬುತ್ತಿ ಹಿಡಿದು ಬಂದಳು. ಗಟ್ಟಿ ಹೆಂಗಸು, ದೊಡ್ಡ ಗಂಟಲು. "ನೀನೇನಾ ಎಮ್ನಾ? ನನ್ನ ಕಿಡ್ನೀನ ಇಬ್ಬರೂ ಸೇರಿ ಮುರಬ್ಬ ಹಚ್ಕೊಂಡು ತಿಂದ್ರಾ?"

ಎಮ್ನಾ ತಲೆ ತಗ್ಗಿಸಿದಳು. ಕೆನ್ನೆಗೆ ಬಿದ್ದರೂ ಸರಿ ಎಂದುಕೊಂಡಳು. ಬಿದ್ದದ್ದು ಮಾತ್ರ ಕೈಗೆ, ಒಂದು ಬಟ್ಟಲು ಬಿಸಿ ಶೋರ್ಬಾ.

"ಕುಡಿ ಮೊದ್ಲು. ಬೆಳಗಿಂದ ಉಪವಾಸ, ಅದರ ಮೇಲೆ ಓಟ ಬೇರೆ. ಮುಖ ನೋಡು, ಇವನಿಗಿಂತ ನೀನೇ ರೋಗಿ! ಬೈಯೋದು ಎಲ್ಲಿಗೆ ಹೋಗುತ್ತೆ, ಆಮೇಲೆ ಬೈತೀನಿ."

ಎಮ್ನಾ ಅಳುತ್ತಲೇ ಶೋರ್ಬಾ ಕುಡಿದಳು. ಹಾಸಿಗೆಯಲ್ಲಿದ್ದ ಹೈಥೆಮ್ ಗೋಡೆ ಕಡೆ ತಿರುಗಿದ್ದ. ಕೋಪವೋ, ನಗುವೋ, ಅವಳಿಗೆ ತಿಳಿಯಲಿಲ್ಲ.

ಹಬ್ಬದ ದಿನ ರಜೆಯಿದ್ದರೂ ಬಂದಳು. ಅವನ ರಕ್ತದ ಕೊಳವೆಯನ್ನು ಮುಟ್ಟಲಿಲ್ಲ. "ನೀವೇ ಮಾಡಿ ಮದಾಮ್. ನನಗೆ ನೋಡೋ ಧೈರ್ಯ ಇಲ್ಲ," ಎಂದು ಲತೀಫಾಗೆ ಕೊಟ್ಟು, ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಅಲೆದಳು. ಲತೀಫಾ ಬಾಗಿಲು ತೆರೆದು ಒಂದೇ ಒಂದು ಮಾತು ಹೇಳಿದರು. ಎಮ್ನಾ ಮೇಲಿನ ಮಹಡಿಗೆ ಓಡಿದಳು.

ಅವನು ಕಿಟಕಿ ಪಕ್ಕ ಕೂತಿದ್ದ. ಅವಳನ್ನು ನೋಡಿದವನು ಕೈ ಎತ್ತಿ ತಡೆದ.

"ನಿಲ್ಲಿ. ನಂಬರು ಆಮೇಲೆ. ಎರಡು ದಿನದಿಂದ ಒಂದೇ ಯೋಚನೆ ನನ್ನದು. ನೀವು ಮುರಬ್ಬ ಕೊಟ್ಟಿದ್ದು ನನಗೆ ನೋವಾಗಿಲ್ಲ. ನನ್ನನ್ನ ಕೇಳದೆ ತೀರ್ಮಾನ ಮಾಡಿದ್ರಲ್ಲ, ಅದು ನೋವಾಗಿದ್ದು."

"ಗೊತ್ತು."

"ನಾನು ಕಾಯಿಲೆಯವನು ಎಮ್ನಾ. ಈ ಕಿಡ್ನಿ ಎಷ್ಟು ವರ್ಷ ಅಂತ ಯಾರೂ ಬರೆದುಕೊಡಲ್ಲ. ಸಂಖ್ಯೆ ಇನ್ನೂ ಎಷ್ಟೋ ಸಲ ಏರುತ್ತೆ, ಇಳಿಯುತ್ತೆ. ಏರಿದ್ರೆ ಏನು ಮಾಡ್ತೀರಾ?"

ಎಮ್ನಾ ಕಣ್ಣೊರೆಸಿಕೊಂಡಳು. ಎಷ್ಟು ದಿನದಿಂದ ಒಳಗೇ ತಿರುಗುತ್ತಿದ್ದದ್ದು ಈಗ ತಾನಾಗಿ ಬಾಯಿಗೆ ಬಂತು.

"ಮೊದಲು ನಿನ್ನನ್ನ ಕೇಳ್ತೀನಿ. ನೀನು ಹೇಳಿದ್ದನ್ನ ನಂಬ್ತೀನಿ. ಆಮೇಲೆ ಇಬ್ಬರೂ ಸೇರಿ ಕಾರಣ ಹುಡುಕೋಣ."

"ಇಳಿದ್ರೆ?"

"ಆಗ್ಲೂ ನಿನ್ನನ್ನೇ ಕೇಳ್ತೀನಿ."

"ಸರಿಯಾಗಿದ್ರೆ?"

"ಸರಿಯಾಗಿದ್ರೆ..." ಅವಳ ಕೆನ್ನೆ ಬಿಸಿಯಾಯಿತು, ಆದರೂ ಕಣ್ಣು ತಗ್ಗಿಸಲಿಲ್ಲ. "ನಮ್ಮಪ್ಪನ ಹತ್ರ ಮಾತಾಡೋಕೆ ಅಕ್ಕನನ್ನ ಯಾವತ್ತು ಕಳಿಸ್ತೀಯಾ ಅಂತ ಕೇಳ್ತೀನಿ."

ಹೈಥೆಮ್ ಕಿಟಕಿಯಾಚೆ ನೋಡಿದ. ಹೊರಗೆ ಹಬ್ಬದ ಬಟ್ಟೆ ತೊಟ್ಟ ಜನ ರೋಗಿಗಳನ್ನು ನೋಡಲು ಬರುತ್ತಿದ್ದರು.

"ಮತ್ತೆ... ಇವತ್ತು ಎಷ್ಟು ಬಂತು?"

ಎಮ್ನಾ ಅವನ ಪಕ್ಕ ಬಂದು ಕೂತಳು. ಅವನ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅದು ನಡುಗುತ್ತಿರಲಿಲ್ಲ.

"ಯಾವತ್ತು ಕಳಿಸ್ತೀಯಾ, ಹೈಥೆಮ್?"